ಬಿಸಿಗಾಳಿ ಬಾರದ ಕಾರು

ಉಪಾಧ್ಯಾಯರು ಲೇಖನಿ ಹಿಡಿದರೆ ಮಕ್ಕಳ ವಿಚಾರವನ್ನೋ ಪಾಠಕ್ರಮದ ವಿಚಾರವನ್ನೋ ಬರೆಯುವರೆಂಬುದು ಎಲ್ಲರ ನಿರೀಕ್ಷೆ. ಈ ಸಲ ನಾವು ಬರೆಯಹೊರಟಿರುವುದು ಒಂದು ಹಳೆಯ ಕಾರಿನ ಹೀಟರಿನ ವಿಚಾರ. 'ಇವರಿಗೇಕೆ ಮೆಕ್ಯಾನಿಕ್ಕನ ಕೆಲಸ?' ಎಂದು ಓದುಗ ಬಂಧುಗಳು ಕೇಳಬಹುದು. ಕೇಳತಕ್ಕ ಮಾತೇ. ಆದರೆ ಆ ಹೀಟರು ನಮಗೆ ಕಲಿಸಿದ ಪಾಠವು ನಮ್ಮ ವೃತ್ತಿಗೇ ಸೇರಿದುದಾದ್ದರಿಂದ ಅದನ್ನು ನಮ್ಮಲ್ಲೇ ಇಟ್ಟುಕೊಳ್ಳುವುದು ಸರಿಯಲ್ಲವೆಂದು ತೋರಿತು. ಅದರಲ್ಲಿ ನಮ್ಮ ತಪ್ಪೂ ಸೇರಿದೆ; ಅದನ್ನು ಮುಚ್ಚಿಡದೆ ಹೇಳುತ್ತೇವೆ.

ನಾವು ದಂಪತಿಗಳಿಬ್ಬರೂ ತಾಳವಾಡಿ ಸೀಮೆಯ ಕನ್ನಡ ಶಾಲೆಯೊಂದರಲ್ಲಿ ಪ್ರಾಥಮಿಕ ಉಪಾಧ್ಯಾಯರು. ಇಬ್ಬರೂ ಶಿಕ್ಷಕ ತರಬೇತಿ ಮುಗಿಸಿದವರು; ಇಬ್ಬರಿಗೂ ಮೂವತ್ತು ದಾಟಿ ನಾಲ್ಕಾರು ವರ್ಷಗಳಾದುವು. ೧೯೫೬ರ ರಾಜ್ಯ ಪುನರ್ವಿಂಗಡಣೆಯ ತರುವಾಯವೂ ಮದರಾಸಿನ ಕಡೆಗೇ ಉಳಿದ ಈ ಮೂಲೆಯ ಸ್ಥಿತಿಯನ್ನು ಇಲ್ಲಿಯ ಓದುಗರಿಗೆ ವಿವರಿಸಬೇಕಾದುದಿಲ್ಲ. ನಮಗೆ ಹತ್ತಿರದ ದೊಡ್ಡ ಪೇಟೆ ಗಡಿಯಾಚೆಯ ಚಾಮರಾಜನಗರ. ನಮ್ಮದೇ ಜಿಲ್ಲೆಯ ಕೇಂದ್ರವಾದ ಈರೋಡಿಗೆ ಹೋಗಬೇಕಾದರೆ ದಿಂಬಂ ಘಟ್ಟದ ೨೭ ತಿರುವುಗಳನ್ನು ಇಳಿಯಬೇಕು. ಬಸ್ಸೊಂದನ್ನೇ ನೆಚ್ಚಿಕೊಂಡವರ ಪಾಡು ಪಟ್ಟವರಿಗೇ ಗೊತ್ತು. ಆದುದರಿಂದ ಕೈಯಲ್ಲಿದ್ದ ಹಣಕ್ಕೆ ಸ್ವಲ್ಪ ಸಾಲ ಸೇರಿಸಿ ಹಳೆಯದೊಂದು ಚಿಕ್ಕ ಕಾರನ್ನು ಕೊಂಡೆವು. ಅದಕ್ಕೆ ಏಸಿ ಇಲ್ಲ. ಹೀಟರು ಮಾತ್ರ ಉಂಟು. ನಮ್ಮ ಬಯಲಿನಲ್ಲಿ ಆ ಹೀಟರಿಗೆ ವರ್ಷದಲ್ಲಿ ಹತ್ತು ದಿನದ ಕೆಲಸವೂ ಇಲ್ಲದ ಕಾರಣ, ಅದು ಸರಿಯಾಗಿದೆಯೋ ಇಲ್ಲವೋ ಎಂಬುದನ್ನು ನಾವು ಎಂದೂ ವಿಚಾರಿಸಿರಲಿಲ್ಲ.

೨೦೨೩ರ ಡಿಸೆಂಬರಿನಲ್ಲಿ ಅದನ್ನು ವಿಚಾರಿಸುವ ಪ್ರಸಂಗ ಬಂದಿತು. ನಮ್ಮ ಶಾಲೆಯ ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರಿದ್ದಾರೆ. ಊರಿಗೆಲ್ಲ ಅವರು ದೊಡ್ಡ ಮೇಷ್ಟ್ರು. ನಮ್ಮಲ್ಲೊಬ್ಬರು ಅವರ ಕೈಕೆಳಗೇ ಅಕ್ಷರ ಕಲಿತವರು. ಅವರ ಮಗಳ ಮನೆ ಉದಕಮಂಡಲದಲ್ಲಿದೆ. ಮೊಮ್ಮಗುವಿನ ನಾಮಕರಣಕ್ಕೆ ಹೋಗಲೇಬೇಕೆಂದು ಮೇಷ್ಟ್ರ ಹಟ. ಅವರಿಗೆ ವಯಸ್ಸು ಎಪ್ಪತ್ತೈದರ ಮೇಲಾಗಿದೆ, ಸಾಲದುದಕ್ಕೆ ಉಬ್ಬಸ. ತಣ್ಣನೆಯ ಗಾಳಿ ಎದೆಗೆ ತಗುಲಿದರೆ ಮಾತು ನಿಂತು ಸಿಳ್ಳು ಕೇಳಿಸುತ್ತದೆ. ಬಸ್ಸಿನ ಕಿಟಕಿಯ ಗಾಳಿಯಲ್ಲಿ ಅವರನ್ನು ಕಳಿಸುವುದು ಬೇಡವೆಂದು, 'ನಾವೇ ಕರೆದುಕೊಂಡು ಹೋಗುತ್ತೇವೆ ಮೇಷ್ಟ್ರೇ, ಕಾರಿನಲ್ಲಿ ಹೀಟರು ಇದೆ, ಬೆಚ್ಚಗೆ ಕೂತಿರಿ' ಎಂದು ಭರವಸೆ ಕೊಟ್ಟೆವು. ಪರೀಕ್ಷಿಸದೆ ಕೊಟ್ಟ ಭರವಸೆ ಅದು.

ಬಂಡೀಪುರದ ಅರಣ್ಯದಲ್ಲಿ ರಾತ್ರಿ ಒಂಬತ್ತರಿಂದ ಬೆಳಗಿನ ಆರರವರೆಗೆ ವಾಹನ ಸಂಚಾರವನ್ನು ೨೦೦೯ರಿಂದ ನಿಲ್ಲಿಸಿದ್ದಾರಷ್ಟೆ. ಆರಕ್ಕೆ ಗೇಟು ತೆರೆಯುವ ಹೊತ್ತಿಗೆ ಅಲ್ಲಿರಬೇಕೆಂದು ಇನ್ನೂ ಕತ್ತಲಿರುವಾಗಲೇ ಊರು ಬಿಟ್ಟೆವು. ಮೇಷ್ಟ್ರು ಹಿಂದಿನ ಸೀಟಿನಲ್ಲಿ ಕರಿಯ ಕಂಬಳಿ ಹೊದೆದು, ತಲೆಗೆ ಉಣ್ಣೆಯ ಟೋಪಿ ಹಾಕಿ ಕುಳಿತಿದ್ದರು. ಚಾಮರಾಜನಗರ ದಾಟಿದ ಮೇಲೆ ಹೀಟರಿನ ಕೀಲನ್ನು ಕೆಂಪು ಗುರುತಿನ ಕಡೆಗೆ ಸರಿಸಿ ಫ್ಯಾನನ್ನು ತಿರುಗಿಸಿದೆವು. ಗಾಳಿಯೇನೋ ಭರ್ರೆಂದು ಬಂದಿತು. ಬಂದದ್ದು ತಣ್ಣನೆಯ ಗಾಳಿ. ಎಂಜಿನ್ನು ಇನ್ನೂ ಕಾದಿಲ್ಲವೆಂದುಕೊಂಡೆವು. ಗುಂಡ್ಲುಪೇಟೆಯೂ ದಾಟಿತು. ಗಾಳಿ ಹಾಗೆಯೇ ಇತ್ತು. ಮೂವರ ಉಸಿರಿಗೆ ಮುಂದಿನ ಗಾಜು ಒಳಗಿನಿಂದ ಮಂಜುಕಟ್ಟಿತು. ಅದನ್ನು ಒರೆಸುತ್ತ, ಕಿಟಕಿಯನ್ನು ಬೆರಳಷ್ಟು ಇಳಿಸುತ್ತ, ಹಿಂದಿನಿಂದ ಮೇಷ್ಟ್ರ ಕೆಮ್ಮು ಕೇಳುತ್ತ ಮೇಲುಕಾಮನಹಳ್ಳಿಯ ಗೇಟಿನ ಬಳಿಗೆ ಬಂದು ನಿಂತೆವು. ಆರು ಗಂಟೆಗೆ ಇನ್ನೂ ಸ್ವಲ್ಪ ಹೊತ್ತಿತ್ತು.

ಅಲ್ಲಿಯ ಚಹದಂಗಡಿಯಾತ ಕರುಣಾಳು. ಮೇಷ್ಟ್ರು ನಡುಗುವುದನ್ನು ಕಂಡು, ಹಳೆಯ ಬಾಂಡಲಿಯೊಂದರಲ್ಲಿ ನಿಗಿನಿಗಿ ಕೆಂಡ ತುಂಬಿ ತಂದು, 'ಇದನ್ನು ಕಾರಿನೊಳಗೆ ಕಾಲ ಹತ್ತಿರ ಇಟ್ಟು ಕಿಟಕಿ ಹಾಕ್ಕೊಳ್ಳಿ ಸ್ವಾಮಿ, ಊಟಿವರೆಗೂ ಬೆಚ್ಚಗಿರ್ತದೆ' ಎಂದನು. ನಮಗೂ ಅದು ಒಳ್ಳೆಯ ಉಪಾಯವೆಂದೇ ತೋರಿತು. ಕೈಚಾಚಿ ತೆಗೆದುಕೊಳ್ಳುವುದರಲ್ಲಿದ್ದೆವು. ಮೇಷ್ಟ್ರು ಒಳಗಿನಿಂದಲೇ ಕೈ ಅಡ್ಡ ಹಿಡಿದರು.

'ಬೇಡಪ್ಪಾ. ಹೊರಗೆ ನೆಲದ ಮೇಲೆ ಇಡು, ನಾನೇ ಇಳಿದು ಬಂದು ಕಾಯಿಸಿಕೊಳ್ಳುತ್ತೇನೆ. ಮುಚ್ಚಿದ ಜಾಗದೊಳಗೆ ಕೆಂಡ ಬರಬಾರದು.'

ಅವರು ಹೇಳಿದ ಕಾರಣವನ್ನು ಇಲ್ಲಿ ಬರೆಯಲೇಬೇಕು. ಚಳಿಗಾಲದಲ್ಲಿ ಅಗ್ಗಿಷ್ಟಿಕೆಯನ್ನು ಕೋಣೆಯೊಳಗಿಟ್ಟು ಬಾಗಿಲು ಹಾಕಿ ಮಲಗುವವರು ಇಂದಿಗೂ ಇದ್ದಾರೆ. ಇದ್ದಿಲು ಸಾಕಷ್ಟು ಗಾಳಿ ಸಿಗದೆ ಉರಿಯುವಾಗ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಅದು ಕಣ್ಣನ್ನೂ ಉರಿಸದು. ರಕ್ತದಲ್ಲಿರುವ ಹಿಮೋಗ್ಲೋಬಿನ್ನು ಆಮ್ಲಜನಕಕ್ಕಿಂತ ೨೦೦ ಪಟ್ಟಿಗೂ ಹೆಚ್ಚು ಬಲವಾಗಿ ಅದನ್ನು ಹಿಡಿದುಕೊಳ್ಳುತ್ತದೆ. ತಲೆನೋವು, ಜೋಂಪು, ನಿದ್ರೆ. ಆ ನಿದ್ರೆಯಿಂದ ಎಚ್ಚರವಿಲ್ಲ. ಚಳಿಯಿಂದ ನಡುಗುವವನು ಎಚ್ಚರವಾಗಿದ್ದಾನೆಂಬ ಧೈರ್ಯವಾದರೂ ಉಂಟು. ಕೆಂಡದ ಪಕ್ಕ ಬೆಚ್ಚಗೆ ಮಲಗಿದವನ ವಿಷಯದಲ್ಲಿ ಅದೂ ಇಲ್ಲ. ಚಹದಂಗಡಿಯಾತ ಕೇಳಿ ಬೆಚ್ಚಿ, ಬಾಂಡಲಿಯನ್ನು ಬಯಲಿನಲ್ಲಿಟ್ಟನು. ಮೇಷ್ಟ್ರು ಅದರ ಮುಂದೆ ಕುರ್ಚಿ ಹಾಕಿಸಿಕೊಂಡು ಕುಳಿತು, ಕೈ ಕಾಯಿಸುತ್ತ, 'ಈಗ ಹೇಳಿ, ನಿಮ್ಮ ಹೀಟರಿಗೆ ಏನಾಗಿದೆ?' ಎಂದರು.

'ಕೆಟ್ಟುಹೋಗಿದೆ ಮೇಷ್ಟ್ರೇ' ಎಂದೆವು.

'ಅದು ಉತ್ತರವಲ್ಲ. ಹುಡುಗ ದಡ್ಡ ಅಂದಹಾಗಾಯಿತು' ಎಂದರು ಮೇಷ್ಟ್ರು.

ದೊಡ್ಡ ಮೇಷ್ಟ್ರು ಹಿಂದೆ ಹಳೆಯ ಅಂಬಾಸಡರ್ ಕಾರೊಂದನ್ನು ಇಪ್ಪತ್ತು ವರ್ಷ ತಾವೇ ಓಡಿಸಿ, ತಾವೇ ಬಿಚ್ಚಿ ಜೋಡಿಸಿದವರು. ಮೊದಲು ಹೀಟರೆಂದರೇನೆಂಬುದನ್ನು ನಮ್ಮ ಬಾಯಿಂದ ಹೇಳಿಸಲು ನೋಡಿದರು. ಅದು ವಿದ್ಯುತ್ತಿನಿಂದ ಕಾಯುವ ತಂತಿಯಿರಬೇಕೆಂದು ನಮ್ಮಲ್ಲೊಬ್ಬರು ಹೇಳಿದೆವು. ಮೇಷ್ಟ್ರು ನಕ್ಕರು. ತರುವಾಯ ಅವರು ವಿವರಿಸಿದ ರೀತಿ ಹೀಗೆ:

ಹಳೆಯ ಮನೆಗಳಲ್ಲಿ ಅಡುಗೆಯ ಒಲೆಗೆ ಪಕ್ಕದಲ್ಲೊಂದು ಕೋಡೊಲೆ ಇರುತ್ತಿತ್ತಷ್ಟೆ. ಅದಕ್ಕೆ ಬೇರೆ ಸೌದೆಯಿಲ್ಲ. ಮುಖ್ಯ ಒಲೆಯಲ್ಲಿ ಮಿಕ್ಕ ಉರಿಯಿಂದಲೇ ಅದರ ಮೇಲಿನ ನೀರು ಕಾಯುತ್ತಿತ್ತು. ಕಾರಿನ ಹೀಟರೂ ಅಂತಹ ಕೋಡೊಲೆಯೇ. ಪೆಟ್ರೋಲಿನ ಶಕ್ತಿಯಲ್ಲಿ ಚಕ್ರ ತಿರುಗಿಸಲು ಒದಗುವುದು ಹೆಚ್ಚೆಂದರೆ ಮೂರರಲ್ಲೊಂದು ಪಾಲು. ಉಳಿದುದು ಬಿಸಿಯಾಗಿ ಹೋಗುತ್ತದೆ. ಎಂಜಿನ್ನು ಸುಟ್ಟುಹೋಗದಂತೆ ಆ ಬಿಸಿಯನ್ನು ಹೊತ್ತೊಯ್ಯುವುದು ಅದರ ಸುತ್ತ ಹರಿಯುವ ನೀರು. ಒಂದು ಪಂಪು ಅದನ್ನು ಓಡಿಸುತ್ತದೆ. ನೀರು ಸುಮಾರು ೮೨ರಿಂದ ೯೦ ಡಿಗ್ರಿಯವರೆಗೆ ಕಾದಾಗ ಥರ್ಮೋಸ್ಟಾಟು ಎಂಬ ಸಣ್ಣ ಬಾಗಿಲು ತೆರೆದು ಅದನ್ನು ಮುಂದಿನ ರೇಡಿಯೇಟರಿಗೆ ಬಿಡುತ್ತದೆ. ಅದೇ ಬಿಸಿನೀರಿನ ಒಂದು ಕವಲು ಎರಡು ರಬ್ಬರು ಕೊಳವೆಗಳ ಮೂಲಕ ಡ್ಯಾಷ್‌ಬೋರ್ಡಿನ ಹಿಂದಿರುವ ಪುಟ್ಟ ರೇಡಿಯೇಟರೊಂದಕ್ಕೆ ಹೋಗಿ ಬರುತ್ತದೆ. ಫ್ಯಾನು ಅದರ ಮೇಲೆ ಗಾಳಿ ಊದಿದರೆ ಬೆಚ್ಚನೆಯ ಗಾಳಿ ನಮಗೆ ಬರುತ್ತದೆ. ಇಷ್ಟೇ ಹೀಟರು.

'ಬಿಸಿಗಾಳಿ ಬರಬೇಕಾದರೆ ಗಾಳಿ ಬೇಕು, ಬಿಸಿ ಬೇಕು, ಎರಡೂ ಒಂದು ಕಡೆ ಸೇರಬೇಕು. ಮೂರರಲ್ಲಿ ಯಾವುದು ತಪ್ಪಿದೆ? ತರಬೇತಿಯಲ್ಲಿ ನಿಮಗೆ ಏನು ಹೇಳಿಕೊಟ್ಟರು? ತಿಳಿದುದರಿಂದ ತಿಳಿಯದುದರ ಕಡೆಗೆ ಹೋಗಿ ಅಂತ ತಾನೆ? ಹೋಗಿ.'

ಹೀಗೆ ಗೇಟಿನ ಬಳಿಯಲ್ಲಿ ನಮಗೆ ಪಾಠ ಆರಂಭವಾಯಿತು. ಗಾಳಿ ಬರುತ್ತಿತ್ತು, ಆದುದರಿಂದ ಫ್ಯಾನೂ ಅದರ ಫ್ಯೂಸೂ ಸರಿಯಾಗಿವೆ. ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ನಡುವೆ ನಿಂತಿತ್ತು. ಆದುದರಿಂದ ಎಂಜಿನ್ನು ಕಾದಿದೆ. ಥರ್ಮೋಸ್ಟಾಟು ತೆರೆದೇ ಸಿಕ್ಕಿಕೊಂಡಿದ್ದರೆ ನೀರೆಲ್ಲ ಮೊದಲಿನಿಂದಲೇ ರೇಡಿಯೇಟರಿಗೆ ಹರಿದು, ಚಳಿಯಲ್ಲಿ ಮುಳ್ಳು ಕೆಳಗೇ ಉಳಿಯುತ್ತಿತ್ತು. ಕೆಂಪು ಗುರುತಿನ ಕೀಲನ್ನು ಅತ್ತಿತ್ತ ಸರಿಸಿ ಡ್ಯಾಷ್‌ಬೋರ್ಡಿನ ಅಡಿಯಲ್ಲಿ ಟಾರ್ಚು ಹಿಡಿದು ನೋಡಿದೆವು. ತಂತಿ ಕಳಚಿರಲಿಲ್ಲ, ತಂತಿಯ ತುದಿಯ ಬಾಗಿಲೂ ಆಡುತ್ತಿತ್ತು. ಕಾಲಡಿಯ ರತ್ನಗಂಬಳಿಯನ್ನು ಮುಟ್ಟಿ ನೋಡಲು ಹೇಳಿದರು. ಅದು ಒಣಗಿತ್ತು, ಸಿಹಿಯಾದ ವಾಸನೆಯೂ ಇರಲಿಲ್ಲ. ಆದುದರಿಂದ ಒಳಗಿನ ಪುಟ್ಟ ರೇಡಿಯೇಟರು ಸೋರುತ್ತಿಲ್ಲ.

ಬಳಿಕ ಎಂಜಿನ್ನು ನಿಲ್ಲಿಸಿ ಬೋನೆಟ್ಟು ಎತ್ತಿಸಿದರು. ಒಳಕ್ಕೆ ಹೋಗುವ ಎರಡು ಕೊಳವೆಗಳನ್ನು, ಮೊದಲು ಬೆರಳ ಹಿಂಬದಿಯಿಂದ ಎಚ್ಚರಿಕೆಯಾಗಿ ಮುಟ್ಟಿ ನೋಡಬೇಕೆಂದರು. ಒಂದು ಬಿಸಿ, ಇನ್ನೊಂದು ತಣ್ಣಗೆ.

'ಎರಡೂ ಬಿಸಿಯಿದ್ದಿದ್ದರೆ ನೀರು ಒಳಗೆ ಹೋಗಿ ಬರುತ್ತಿದೆ, ಗಾಳಿಯ ಬಾಗಿಲಲ್ಲಿ ದೋಷ ಅನ್ನಬಹುದಿತ್ತು. ಒಂದು ಬಿಸಿ, ಒಂದು ತಣ್ಣಗೆ ಅಂದರೆ ನೀರು ಬಾಗಿಲವರೆಗೆ ಬಂದು ಒಳಗೆ ಹರಿಯುತ್ತಿಲ್ಲ. ಕಿಟ್ಟ ಕಟ್ಟಿರಬೇಕು, ಇಲ್ಲವೇ ನೀರಿನ ಜಾಗದಲ್ಲಿ ಗಾಳಿ ಕೂತಿರಬೇಕು. ನೀರು ಎಷ್ಟಿದೆ ನೋಡಿ.'

ಇಲ್ಲಿ ನಮಗೆ ಧೈರ್ಯ ಬಂದಿತು. ರೇಡಿಯೇಟರಿನ ಪಕ್ಕದ ಬಿಳಿಯ ಡಬ್ಬಿಯಲ್ಲಿ ನೀರು ಮೇಲಿನ ಗೆರೆಗೆ ಸರಿಯಾಗಿ ನಿಂತಿತ್ತು. 'ನೀರು ತುಂಬಿದೆ ಮೇಷ್ಟ್ರೇ' ಎಂದು ಒಕ್ಕೊರಲಿನಿಂದ ಹೇಳಿದೆವು.

'ಆ ಡಬ್ಬಿ ತುಂಬಿಸಿದ್ದು ಯಾವಾಗ?'

'ಮೊನ್ನೆ ಭಾನುವಾರ.'

'ಅದಕ್ಕೆ ಮುಂಚೆ?'

'ಅದರ ಹಿಂದಿನ ಭಾನುವಾರ.'

ಮೇಷ್ಟ್ರು ಕೆಂಡದ ಕಡೆಗೆ ನೋಡುತ್ತ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, 'ಏನಮ್ಮ, ಮುಚ್ಚಳ ಹಾಕಿದ ನೀರು ವಾರವಾರವೂ ಎಲ್ಲಿಗೆ ಹೋಗುತ್ತದೆ ಅಂತ ಒಂದು ಸಲವಾದರೂ ಕೇಳಲಿಲ್ಲವೆ?' ಎಂದರು.

ನಾವು ಕೇಳಿರಲಿಲ್ಲ. ಎರಡು ತಿಂಗಳಿಂದ ಪ್ರತಿ ಭಾನುವಾರವೂ ಡಬ್ಬಿಯ ನೀರು ಇಳಿದಿರುತ್ತಿತ್ತು. ಮನೆಯ ಕೊಳಾಯಿಯ ನೀರನ್ನು ಗೆರೆ ಮುಟ್ಟುವವರೆಗೆ ಹೊಯ್ದು, ಕಾರನ್ನು ಚೆನ್ನಾಗಿ ನೋಡಿಕೊಳ್ಳುತ್ತಿದ್ದೇವೆಂಬ ತೃಪ್ತಿಯಿಂದ ಬೋನೆಟ್ಟು ಮುಚ್ಚುತ್ತಿದ್ದೆವು.

ರೇಡಿಯೇಟರಿನ ಮುಚ್ಚಳ ತೆಗೆದು ನೋಡೋಣವೆಂದು ನಮ್ಮಲ್ಲೊಬ್ಬರು ಕೈ ಹಾಕಿದೆವು. ಮೇಷ್ಟ್ರು ಕುರ್ಚಿಯಿಂದ ಎದ್ದೇಬಿಟ್ಟರು. ಬಿಸಿಯಾಗಿರುವಾಗ ಆ ಮುಚ್ಚಳವನ್ನು ಮುಟ್ಟಲೇಬಾರದು. ಒಳಗಿನ ನೀರು ಒತ್ತಡದಲ್ಲಿರುತ್ತದೆ. ಆ ಒತ್ತಡದಿಂದಲೇ ಅದು ೧೦೦ ಡಿಗ್ರಿ ದಾಟಿದರೂ ಕುದಿಯದೆ ಇರುವುದು. ಮುಚ್ಚಳ ಸಡಿಲಿಸಿದೊಡನೆ ಒತ್ತಡ ಬಿದ್ದು, ನೀರು ಒಮ್ಮೆಲೇ ಕುದಿದು ಮುಖದ ಮೇಲೆ ಚಿಮ್ಮುತ್ತದೆ. ಬೆಟ್ಟದ ಮೇಲೆ ಬೇಳೆ ಬೇಯದೆಂದು ನಾವೇ ಮಕ್ಕಳಿಗೆ ಹೇಳಿಕೊಡುವುದಿಲ್ಲವೆ? ೨೨೪೦ ಮೀಟರಿನಷ್ಟು ಎತ್ತರದ ಉದಕಮಂಡಲದಲ್ಲಿ ತೆರೆದ ಪಾತ್ರೆಯ ನೀರು ೯೨–೯೩ ಡಿಗ್ರಿಗೇ ಕುದಿಯುತ್ತದೆ. ಅದೇ ಪಾಠ ಕಾರಿನೊಳಗೂ ಇದೆಯೆಂಬುದು ನಮಗೆ ಹೊಳೆದಿರಲಿಲ್ಲ.

ಆರು ಗಂಟೆಗೆ ಗೇಟು ತೆರೆಯಿತು. ಲಾರಿಗಳೂ ಬಸ್ಸುಗಳೂ ಕಾರುಗಳೂ ಒಂದರ ಹಿಂದೊಂದು ಹೋದುವು. ನಾವು ಹೋಗಲಿಲ್ಲ. ಅರಣ್ಯದೊಳಗೆ ಗಾಡಿ ನಿಲ್ಲಿಸುವಂತಿಲ್ಲ. ಅಲ್ಲಿ ಕೆಟ್ಟರೆ ಕೇಳುವವರಿಲ್ಲ. ಒಂದೂವರೆ ಗಂಟೆ ಕಾದೆವು. ಎಂಜಿನ್ನು ಕೈಗೆ ತಣ್ಣಗೆ ಹತ್ತಿದ ಮೇಲೆ, ದಪ್ಪ ಬಟ್ಟೆ ಮುಚ್ಚಿ, ಮುಚ್ಚಳವನ್ನು ಮೆಲ್ಲಗೆ ತಿರುಗಿಸಿ ತೆಗೆದೆವು. ಟಾರ್ಚು ಬಿಟ್ಟು ನೋಡಿದರೆ ಒಳಗೆ ನೀರು ಕಾಣಿಸಲಿಲ್ಲ! ನೀಲಗಿರಿಯಲ್ಲಿ ಪ್ಲಾಸ್ಟಿಕ್ ಬಾಟಲಿಯ ನೀರಿಗೆ ನಿಷೇಧವಿರುವುದರಿಂದ ಸ್ಟೀಲಿನ ಕ್ಯಾನಿನಲ್ಲಿ ಕುಡಿಯುವ ನೀರು ತಂದಿದ್ದೆವು. ಅದನ್ನೇ ಹೊಯ್ದೆವು. ಹೊಯ್ದಷ್ಟೂ ಒಳಗೆ ಹೋಯಿತು. ಒಂದೂವರೆ ಲೀಟರಿಗೂ ಹೆಚ್ಚು ಹಿಡಿಯಿತು. ಇಂತಹ ಚಿಕ್ಕ ಕಾರು ಒಟ್ಟು ಹಿಡಿಯುವುದು ನಾಲ್ಕು ಲೀಟರಿನ ಆಸುಪಾಸು.

ಪಕ್ಕದ ಡಬ್ಬಿ ತುಂಬಿದ್ದು, ರೇಡಿಯೇಟರು ಅರ್ಧ ಬರಿದಾಗಿದ್ದುದು ಹೇಗೆ? ನಾವು ಕೇಳುವ ಮೊದಲೇ ಮೇಷ್ಟ್ರು ಹೇಳಿದರು. ಎಂಜಿನ್ನು ಕಾದಾಗ ನೀರು ಉಬ್ಬಿ, ಹೆಚ್ಚಾದುದು ಡಬ್ಬಿಗೆ ಹೋಗುತ್ತದೆ. ತಣಿದಾಗ ನೀರು ಕುಗ್ಗಿ, ಡಬ್ಬಿಯಿಂದ ಮತ್ತೆ ಎಳೆದುಕೊಳ್ಳುತ್ತದೆ. ಆದರೆ ಎಲ್ಲಿಯಾದರೂ ಸೋರುವ ಬಿರುಕು ಇದ್ದರೆ, ತಣಿಯುವಾಗ ಡಬ್ಬಿಯ ನೀರಿಗೆ ಬದಲಾಗಿ ಆ ಬಿರುಕಿನಿಂದ ಗಾಳಿಯೇ ಒಳಕ್ಕೆ ನುಗ್ಗುತ್ತದೆ. ಡಬ್ಬಿಯ ನೀರು ಹೆಚ್ಚು ಕಡಮೆ ಅಲ್ಲಿಯೇ ಉಳಿಯುತ್ತದೆ. ಒಳಗಿನ ನೀರು ದಿನದಿನಕ್ಕೆ ಕಡಮೆಯಾಗುತ್ತದೆ. ಹೀಟರಿನ ಪುಟ್ಟ ರೇಡಿಯೇಟರು ಅನೇಕ ಕಾರುಗಳಲ್ಲಿ ಎತ್ತರದ ಜಾಗದಲ್ಲಿರುವುದರಿಂದ ಗಾಳಿ ಮೊದಲು ಹೋಗಿ ಕೂರುವುದು ಅಲ್ಲಿಯೇ. ಮುಳ್ಳು ಇನ್ನೂ ನಡುವೆ ನಿಂತಿರುವಾಗಲೇ ಹೀಟರು ತಣ್ಣಗಾಗುತ್ತದೆ.

'ಹೀಟರು ಕೆಟ್ಟಿಲ್ಲ. ಅದೊಂದೇ ನಿಜ ಹೇಳಿದ್ದು' ಎಂದರು ಮೇಷ್ಟ್ರು.

ಆ ಮಾತಿನ ಅರ್ಥ ನಮಗೆ ಆಗಲೇ ಪೂರ್ತಿಯಾಗಿ ತಿಳಿಯಿತು. ನಾವು ಹೊರಟಿದ್ದುದು ಮಸಣಗುಡಿಯಿಂದ ಕಲ್ಹಟ್ಟಿ ಘಟ್ಟದ ದಾರಿಯಲ್ಲಿ. ೩೬ ತಿರುವುಗಳ ಕಡಿದಾದ ಏರು ಅದು. ಎಂಜಿನ್ನಿಗೆ ಭಾರ ಹೆಚ್ಚು. ವೇಗ ಕಡಮೆಯಾದ್ದರಿಂದ ರೇಡಿಯೇಟರಿಗೆ ಬೀಸುವ ಗಾಳಿಯೂ ಕಡಮೆ. ಅರ್ಧ ನೀರಿನಲ್ಲಿ ಆ ಏರನ್ನು ಹತ್ತಿದ್ದರೆ ನಡುದಾರಿಯಲ್ಲಿ ಎಂಜಿನ್ನಿನ ತಲೆ ಕಾದು ಬಾಗಿ, ಗಾಡಿ ನಿಂತುಬಿಡುತ್ತಿತ್ತು. ಹಿಂದೆ ಮುಂದೆ ವಾಹನಗಳು, ಸುತ್ತ ಕಾಡು, ಮೈಗೆ ಮಂಜು, ಹಿಂದಿನ ಸೀಟಿನಲ್ಲಿ ಉಬ್ಬಸದ ಮುದುಕರು. ಹೀಟರು ಚಳಿಯಿಂದ ನಮ್ಮನ್ನು ಕಾಯಲಿಲ್ಲವೆಂದು ಬೈದುಕೊಂಡಿದ್ದೆವು. ಅದಕ್ಕಿಂತ ದೊಡ್ಡ ಅಪಾಯದಿಂದ ಕಾಯಲು ಅದು ಗುಂಡ್ಲುಪೇಟೆಯಿಂದಲೂ ಪ್ರಯತ್ನಿಸುತ್ತಲೇ ಇತ್ತು.

ನೀರು ತುಂಬಿ ಎಂಜಿನ್ನು ಚಾಲೂ ಮಾಡಿದ ಸ್ವಲ್ಪ ಹೊತ್ತಿಗೆ ಬೆಚ್ಚನೆಯ ಗಾಳಿ ಬರಲಾರಂಭಿಸಿತು. ನಮಗೆ ಹಿಗ್ಗಾಯಿತು, ಇನ್ನು ಹೊರಡೋಣವೆಂದೆವು. ಮೇಷ್ಟ್ರು ಒಪ್ಪಲಿಲ್ಲ. 'ತುಂಬಿಸಿದ್ದಾಯಿತು, ಸೋರುವುದು ನಿಂತಿತೆ?' ಎಂದು ಕೇಳಿದರು. ಗಾಡಿಯನ್ನು ಗುಂಡ್ಲುಪೇಟೆಗೆ ಹಿಂದಿರುಗಿಸಿದೆವು. ಅಲ್ಲಿಯ ಮೆಕ್ಯಾನಿಕ್ಕು ಇಪ್ಪತ್ತೈದು ದಾಟದ ಹುಡುಗ. ಎಂಜಿನ್ನು ಓಡುತ್ತಿರುವಾಗ ಕಣ್ಣಿಟ್ಟು ನೋಡಿ, ಹೀಟರಿಗೆ ಹೋಗುವ ಕೊಳವೆಯೊಂದರ ಬುಡದಲ್ಲಿ, ಕ್ಲಿಪ್ಪಿನ ಅಡಿಯಲ್ಲಿ, ಉಗುರಿನಷ್ಟು ಬಿರುಕನ್ನು ತೋರಿಸಿದನು. ಸುತ್ತ ಒಣಗಿದ ಬಿಳಿಯ ಕಲೆ ಇತ್ತು. ಬಿಸಿಯಾದಾಗ ಮಾತ್ರ ಅಲ್ಲಿಂದ ಹನಿಯುವ ನೀರು ಎಂಜಿನ್ನಿನ ಮೇಲೆಯೇ ಬಿದ್ದು ಆವಿಯಾಗುತ್ತಿದ್ದುದರಿಂದ ನೆಲದ ಮೇಲೆ ಗುರುತು ಬೀಳುತ್ತಿರಲಿಲ್ಲ.

ಕೊಳವೆ ಬದಲಾಯಿಸಿದ ಮೇಲೆ ಅವನು ಕೊಳಾಯಿ ನೀರನ್ನೆಲ್ಲ ಬಸಿದುಹಾಕಿ, ಬಣ್ಣದ ಕೂಲೆಂಟು ಬೆರೆಸಿದ ಶುದ್ಧ ನೀರನ್ನು ತುಂಬಿದನು. ನಮ್ಮ ಕಡೆಯ ಗಡಸು ನೀರು ಬಚ್ಚಲುಮನೆಯ ಹಂಡೆಯೊಳಗೆ ಸುಣ್ಣದ ಪೊರೆ ಕಟ್ಟುವುದನ್ನು ಯಾರು ಕಂಡಿಲ್ಲ? ಹೀಟರಿನ ಸಣ್ಣ ನಾಳಗಳಲ್ಲಿಯೂ ಅದೇ ಪೊರೆ ಕಟ್ಟಿ ದಾರಿ ಮುಚ್ಚುತ್ತದೆ. ಕೂಲೆಂಟು ತುಕ್ಕನ್ನು ತಡೆಯುತ್ತದೆ, ನೀರು ಕುದಿಯುವ ಅಂಶವನ್ನು ಏರಿಸುತ್ತದೆ, ಹೆಪ್ಪುಗಟ್ಟುವ ಅಂಶವನ್ನು ಇಳಿಸುತ್ತದೆ. ಆದರೆ ಅದರಲ್ಲಿರುವ ಎಥಿಲೀನ್ ಗ್ಲೈಕಾಲು ಸಿಹಿಯಾದ ವಿಷ. ಮಕ್ಕಳಿಗೂ ನಾಯಿ ಬೆಕ್ಕುಗಳಿಗೂ ಸಿಗದಂತೆ ಇಡಬೇಕು. ಕಾರಿನ ಮೂತಿ ಎತ್ತರವಾಗುವಂತೆ ಇಳಿಜಾರಿನಲ್ಲಿ ನಿಲ್ಲಿಸಿ, ಹೀಟರಿನ ಕೀಲನ್ನು ಕೆಂಪಿಗೆ ಸರಿಸಿ, ತಣ್ಣಗಿದ್ದ ಎಂಜಿನ್ನನ್ನು ಮುಚ್ಚಳ ತೆಗೆದೇ ಓಡಿಸಿದನು. ಒಳಗಿನ ಗಾಳಿ ಗುಳ್ಳೆ ಗುಳ್ಳೆಯಾಗಿ ಹೊರಬಂದಿತು. ಗುಳ್ಳೆ ನಿಂತ ಮೇಲೆ ಇನ್ನಷ್ಟು ತುಂಬಿ ಮುಚ್ಚಳ ಹಾಕಿದನು.

ಮಧ್ಯಾಹ್ನದ ಹೊತ್ತಿಗೆ ಮತ್ತೆ ಹೊರಟೆವು. ತೆಪ್ಪಕಾಡಿನಲ್ಲಿ ಮೋಯಾರು ಹೊಳೆಯನ್ನು ದಾಟಿ, ಮಸಣಗುಡಿಯನ್ನು ಹಾದು ಕಲ್ಹಟ್ಟಿಯನ್ನು ಹತ್ತಿದೆವು. ಮುಳ್ಳು ಅಲುಗಲಿಲ್ಲ. ತಲೈಕುಂದದ ಬಳಿ ಮಂಜು ಕವಿದು ಬಂದಾಗ ಗಾಜಿನ ಮೇಲೆ ಬಿಸಿಗಾಳಿ ಬಿಟ್ಟೆವು. ಎರಡು ನಿಮಿಷದಲ್ಲಿ ದಾರಿ ಸ್ವಚ್ಛವಾಗಿ ಕಂಡಿತು. ಮೇಷ್ಟ್ರು ಕಂಬಳಿ ಸಡಿಲಿಸಿ ನಿದ್ದೆ ಹೋಗಿದ್ದರು. ಅವರ ಉಸಿರು ಸಮವಾಗಿತ್ತು. ಮರುದಿನ ಬೆಳಿಗ್ಗೆ ನೋಡಿದರೆ ಅಂಗಳದ ಹುಲ್ಲಿನ ಮೇಲೂ ಕಾರಿನ ಗಾಜಿನ ಮೇಲೂ ಇಬ್ಬನಿ ಹೆಪ್ಪುಗಟ್ಟಿ ಸುಣ್ಣ ಬಳಿದಂತಿತ್ತು. ಗಾಜಿಗೆ ಬಿಸಿನೀರು ಹೊಯ್ಯಹೋದ ನಮ್ಮನ್ನು ಮೇಷ್ಟ್ರ ಅಳಿಯಂದಿರು ತಡೆದರು, ಗಾಜು ಸೀಳೀತೆಂದು. ಹೀಟರನ್ನು ಹಚ್ಚಿ ಕಾದೆವು, ತಾನಾಗಿ ಕರಗಿತು. ನಾಮಕರಣ ಸಾಂಗವಾಗಿ ನಡೆಯಿತು.

ಇಲ್ಲಿಗೆ ಕಾರಿನ ಕತೆ ಮುಗಿಯಿತು. ಆದರೆ ಹೇಳಬೇಕೆಂದುಕೊಂಡ ತಪ್ಪು ಇನ್ನೊಂದು ಉಳಿದಿದೆ.

ನಮ್ಮ ಐದನೆಯ ತರಗತಿಯಲ್ಲಿ ಒಬ್ಬಳು ಹುಡುಗಿ ಭಾಗಾಕಾರದಲ್ಲಿ ತಪ್ಪುತ್ತಿದ್ದಳು. ದಿನವೂ ಅವಳ ಪುಸ್ತಕದಲ್ಲಿ ಕೆಂಪು ಮಸಿಯಿಂದ ಸರಿಯುತ್ತರ ಬರೆದುಕೊಡುತ್ತಿದ್ದೆವು. ಅವಳು ಅದನ್ನು ಅಂದವಾಗಿ ನಕಲು ಮಾಡಿಕೊಂಡು ಬರುತ್ತಿದ್ದಳು. ಪುಸ್ತಕ ತೆರೆದರೆ ಎಲ್ಲ ಲೆಕ್ಕಗಳೂ ಸರಿ. ಮೇಲಧಿಕಾರಿಗಳು ಬಂದು ನೋಡಿದರೂ ಮೆಚ್ಚುವಂತಿತ್ತು. ಪರೀಕ್ಷೆಯಲ್ಲಿ ಮಾತ್ರ ಮತ್ತೆ ಅದೇ ತಪ್ಪು. 'ಈ ಹುಡುಗಿಗೆ ಲೆಕ್ಕ ಹತ್ತುವುದಿಲ್ಲ' ಎಂದು ನಾವು ಶಿಕ್ಷಕರ ಕೊಠಡಿಯಲ್ಲಿ ಹೇಳಿದ್ದೂ ಉಂಟು. ಗೂಡಲೂರಿನ ದಾರಿಯಲ್ಲಿ ಊರಿಗೆ ಹಿಂದಿರುಗುತ್ತಿರುವಾಗ ನಮ್ಮಿಬ್ಬರಿಗೂ ಏಕಕಾಲಕ್ಕೆ ಆ ಹುಡುಗಿಯ ನೆನಪು ಬಂದಿತು. ಅವಳ ಪುಸ್ತಕವೆಂದರೆ ನಮ್ಮ ಕಾರಿನ ಬಿಳಿಯ ಡಬ್ಬಿಯೇ. ನಾವು ಪ್ರತಿ ಭಾನುವಾರ ಅದನ್ನು ಗೆರೆಯವರೆಗೆ ತುಂಬಿಸುತ್ತಿದ್ದೆವು. ಒಳಗೆ ಏನಾಗಿದೆಯೆಂದು ಮುಚ್ಚಳ ತೆರೆದು ನೋಡಿರಲಿಲ್ಲ.

ಸೋಮವಾರ ಅವಳನ್ನು ಹತ್ತಿರ ಕೂರಿಸಿಕೊಂಡು, ೬೧೨ನ್ನು ೬ರಿಂದ ಭಾಗಿಸು, ಆದರೆ ಬಾಯಲ್ಲಿ ಹೇಳುತ್ತ ಮಾಡು ಎಂದೆವು. 'ಆರರಲ್ಲಿ ಆರು ಒಂದು ಸಲ ಹೋಗ್ತದೆ. ಒಂದರಲ್ಲಿ ಆರು ಹೋಗೋದಿಲ್ಲ. ಹನ್ನೆರಡರಲ್ಲಿ ಆರು ಎರಡು ಸಲ ಹೋಗ್ತದೆ' ಎಂದು ಹೇಳಿ ಉತ್ತರ ೧೨ ಎಂದು ಬರೆದಳು. 'ಒಂದರಲ್ಲಿ ಹೋಗದಿದ್ದಾಗ ಏನು ಬರೆದೆ?' ಎಂದು ಕೇಳಿದರೆ, 'ಹೋಗಲಿಲ್ಲವಲ್ಲ, ಅದಕ್ಕೇ ಏನೂ ಬರೀಲಿಲ್ಲ' ಎಂದಳು. ಅವಳ ಬಿರುಕು ಅದೇ. ಹೋಗದಿದ್ದುದನ್ನು ಸೊನ್ನೆಯಾಗಿ ಬರೆಯಬೇಕೆಂಬುದು ಅವಳಿಗೆ ಯಾ‍ರೂ ಹೇಳಿರಲಿಲ್ಲ, ಹೇಳಬೇಕಾಗಿದ್ದವರು ನಾವೇ. ಕಡ್ಡಿಗಳ ಕಟ್ಟುಗಳನ್ನು ತಂದೆವು: ನೂರರ ಕಟ್ಟು ಆರು, ಹತ್ತರ ಕಟ್ಟು ಒಂದು, ಬಿಡಿ ಕಡ್ಡಿ ಎರಡು. ಆರು ಮಕ್ಕಳಿಗೆ ಹಂಚಿಸಿದೆವು. ನೂರರ ಕಟ್ಟು ಒಬ್ಬೊಬ್ಬರಿಗೆ ಒಂದೊಂದು ಬಂದಿತು. ಹತ್ತರ ಕಟ್ಟು ಯಾರಿಗೂ ಬರಲಿಲ್ಲ; ಅದನ್ನು ಬಿಚ್ಚಿ ಬಿಡಿಯೊಡನೆ ಸೇರಿಸಿದ ಮೇಲೆ ಎರಡೆರಡು ಕಡ್ಡಿ ಬಂದುವು. 'ಹತ್ತರ ಮನೆಯಲ್ಲಿ ನಿನ್ನ ಕೈಗೆ ಎಷ್ಟು ಕಟ್ಟು ಬಂತು?' ಎಂದೆವು. ಕೈ ನೋಡಿಕೊಂಡಳು. 'ಸೊನ್ನೆ' ಎಂದಳು. ತಾನೇ ೧ ಮತ್ತು ೨ರ ನಡುವೆ ಸೊನ್ನೆಯನ್ನು ಬರೆದಳು. ಆ ದಿನ ಅವಳ ಪುಸ್ತಕದಲ್ಲಿ ನಾವು ಕೆಂಪು ಮಸಿ ಮುಟ್ಟಿಸಲಿಲ್ಲ.

ನೈದಾನಿಕ ಪರೀಕ್ಷೆ, ಪರಿಹಾರ ಬೋಧನೆ ಎಂಬ ಮಾತುಗಳನ್ನು ನಾವು ತರಬೇತಿಯಲ್ಲಿ ಬರೆದು ಅಂಕ ಪಡೆದವರು. ಅವುಗಳ ಅರ್ಥ ತಿಳಿಯಲು ಮೇಲುಕಾಮನಹಳ್ಳಿಯ ಗೇಟಿನ ಬಳಿ ಒಂದೂವರೆ ಗಂಟೆ ಕಾಯಬೇಕಾಯಿತು.

ಕಾರುಳ್ಳ ಸಹೋದ್ಯೋಗಿಗಳಿಗೆ ಕೊನೆಯದಾಗಿ ಒಂದು ವಿಜ್ಞಾಪನೆ. ಹೀಟರು ತಣ್ಣನೆಯ ಗಾಳಿ ಬಿಟ್ಟರೆ ಮೊದಲು ಮುಳ್ಳನ್ನು ನೋಡಿರಿ. ಮುಳ್ಳು ಮೇಲಕ್ಕೆ ಹೋಗುತ್ತಿದ್ದು ಗಾಳಿ ತಣ್ಣಗಿದ್ದರೆ ಒಡನೆಯೇ ಗಾಡಿ ನಿಲ್ಲಿಸಿರಿ. ಒಂದು ಮೈಲಿಯೂ ಮುಂದೆ ಹೋಗಬೇಡಿರಿ. ಮುಳ್ಳು ಏಳದೇ ಇದ್ದರೆ ಥರ್ಮೋಸ್ಟಾಟನ್ನು ಸಂಶಯಿಸಿರಿ. ಆದರೆ ನೀರು ತೀರ ಇಳಿದುಹೋಗಿ ಅಳತೆಯ ಕಣ್ಣು ಗಾಳಿಯಲ್ಲಿ ನಿಂತಾಗಲೂ ಮುಳ್ಳು ಸುಳ್ಳು ಹೇಳುವುದುಂಟು. ಆದುದರಿಂದ ಯಾವ ಭಾಗವನ್ನಾದರೂ ಬದಲಾಯಿಸುವ ಮೊದಲು, ಎಂಜಿನ್ನು ಪೂರ್ತಿ ತಣಿದ ಮೇಲೆ, ಡಬ್ಬಿಯನ್ನಲ್ಲ, ರೇಡಿಯೇಟರಿನ ಒಳಗನ್ನೇ ನೋಡಿರಿ. ನೀರು ಇಳಿದಿದ್ದರೆ ತುಂಬಿಸಿ ಸುಮ್ಮನಾಗದೆ, ಎಲ್ಲಿಗೆ ಹೋಯಿತೆಂದು ಕೇಳಿರಿ.

ದೊಡ್ಡ ಮೇಷ್ಟ್ರು ಈಗ ಬೇಸಗೆಯಲ್ಲಿ ಮಾತ್ರ ಮಗಳ ಮನೆಗೆ ಹೋಗುತ್ತಾರೆ. ಸಂಜೆಯ ಹೊತ್ತು ನಮ್ಮ ಮನೆಯ ಮುಂದೆ ಹಾದುಹೋಗುವಾಗ ಕಾರಿನ ಕಡೆಗೆ ಕೋಲು ತೋರಿಸಿ, 'ನೀರು ಹೇಗಿದೆಯಪ್ಪಾ?' ಎಂದು ಕೇಳುತ್ತಾರೆ. 'ಇಳಿದಿಲ್ಲ ಮೇಷ್ಟ್ರೇ' ಎನ್ನುತ್ತೇವೆ. 'ಆ ಹುಡುಗಿ?' ಎನ್ನುತ್ತಾರೆ. ಅವಳು ಈಗ ಬೇರೆ ಶಾಲೆಯಲ್ಲಿ ಮೇಲಿನ ತರಗತಿ ಓದುತ್ತಿದ್ದಾಳೆ. ಲೆಕ್ಕ ಅವಳಿಗೆ ಹತ್ತುತ್ತದೆ.